ಗಂಟು ಬಿಡಿಸುವ ಮೇಜು

ಆಪರೇಷನ್‌ನಲ್ಲಿ ತೆಗೆದದ್ದನ್ನು ಕೊಯ್ದು ನೋಡುವ, ಪೆಥಾಲಜಿ ವಿಭಾಗದ ಗ್ರಾಸಿಂಗ್ ಕೋಣೆಗೆ ಕಾಲಿಟ್ಟರೆ ಮೊದಲು ಕಣ್ಣು ಉರಿಯುತ್ತದೆ. ಫಾರ್ಮಾಲಿನ್ ಘಾಟು. ಸ್ಟೀಲ್ ಮೇಜಿನ ಮೇಲೆ ನಲ್ಲಿ ನೀರು ಸಣ್ಣಗೆ ಹರಿಯುತ್ತಿದೆ. ಪಕ್ಕದಲ್ಲಿ ಅಳತೆಪಟ್ಟಿ, ಉದ್ದ ಅಲಗಿನ ಚಾಕು, ಸಾಲು ಡಬ್ಬಿಗಳು. ಇಂದು ಸ್ತನದವು ಎರಡು. ಅಂಗೈಯಲ್ಲಿ ಅಡಗುವ ಬಾಟಲಿಯಲ್ಲಿ ಇಪ್ಪತ್ತರ ಹುಡುಗಿಯ ಗಂಟು. ಅಗಲ ಬಾಯಿಯ ಡಬ್ಬದಲ್ಲಿ ಐವತ್ತು ದಾಟಿದ ಹೆಂಗಸಿನ ಇಡೀ ಸ್ತನ, ಕಂಕುಳಿನ ಕೊಬ್ಬಿನ ಸಮೇತ.

"ಮೇಡಂ, ದೊಡ್ಡದರ ಮೇಲೆ ಎಷ್ಟು ಗಂಟೆಗೆ ತೆಗೆದದ್ದು ಅಂತ ಬರೆದಿಲ್ಲ," ಎನ್ನುತ್ತಾರೆ ಟೆಕ್ನಿಷಿಯನ್.

"ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ ಕೇಳಿ, ಈಗಲೇ," ಎನ್ನುತ್ತ ವೈದ್ಯೆ ಚಾಕು ಎತ್ತಿಕೊಳ್ಳುತ್ತಾರೆ.

ಚಿಕ್ಕ ಗಂಟು ದುಂಡಗೆ, ನುಣುಪಾಗಿ, ಬಿಗಿಯಾಗಿದೆ. ಕೊಯ್ದೊಡನೆ ಬಿಳಿಯ ಒಳಮೈ ಹೊರಕ್ಕೆ ಉಬ್ಬಿತು, ಅಂಚು ಸ್ಪಷ್ಟ. ಹರೆಯದಲ್ಲಿ ಹೆಚ್ಚಾಗಿ ಕಾಣುವ, ಮುಟ್ಟಿದರೆ ಬೆರಳಿನಡಿ ಜಾರಿಹೋಗುವ ಫೈಬ್ರೊಅಡಿನೋಮಾ ಇರಬೇಕು. ಅದು ಕ್ಯಾನ್ಸರ್ ಅಲ್ಲ. ದೊಡ್ಡದರೊಳಗೆ ಹಳದಿ ಕೊಬ್ಬಿನ ನಡುವೆ ಬೂದುಬಿಳಿಯ ಗಡ್ಡೆಯೊಂದು ಸುತ್ತಲಿನದನ್ನೆಲ್ಲ ತನ್ನತ್ತ ಎಳೆದುಕೊಂಡು ಕೂತಿದೆ. ಇಲ್ಲಿಗೆ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಚಾಕು ಹಾಯುವಾಗ ಸೀಬೆಕಾಯಿ ಕೊಯ್ದಂತೆ ಕರಕರ ಎನ್ನುತ್ತದೆ.

ಇನ್ನು ಕಂಕುಳಿನ ಕೊಬ್ಬು. ಅದನ್ನು ಬೆರಳುಗಳ ನಡುವೆ ಹಿಸುಕಿ ಹಿಸುಕಿ ದುಗ್ಧಗ್ರಂಥಿಗಳನ್ನು ಹುಡುಕುತ್ತಾರೆ. ಕೆಲವೇ ಮಿಲಿಮೀಟರ್ ಇರುವುದೂ ತಪ್ಪಬಾರದು. ಎಷ್ಟು ಗ್ರಂಥಿಗಳಿಗೆ ರೋಗ ಹಬ್ಬಿದೆ ಎಂಬ ಎಣಿಕೆಯ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. ಬೇಸರ ಹಿಡಿಸುವ ಈ ಹುಡುಕಾಟಕ್ಕಿಂತ ದೊಡ್ಡ ಕೆಲಸ ಈ ಮೇಜಿನ ಮೇಲೆ ಇನ್ನೊಂದಿಲ್ಲ ಎಂದೇ ನನಗನ್ನಿಸುತ್ತದೆ.

ಆಮೇಲೆ ಕೊಯ್ದ ತುಂಡುಗಳಿಗೆ ಯಂತ್ರದ ಸರದಿ. ಆಲ್ಕೋಹಾಲ್ ನೀರನ್ನು ಹೀರಿ ತೆಗೆಯುತ್ತದೆ, ಆ ಜಾಗವನ್ನು ಕರಗಿದ ಮೇಣ ತುಂಬುತ್ತದೆ. ಮೇಣದ ಬ್ಲಾಕನ್ನು ಮೈಕ್ರೋಟೋಮ್ 3-4 ಮೈಕ್ರಾನ್ ತೆಳುವಾಗಿ ಸೀಳುತ್ತದೆ. ಹೆಮಟಾಕ್ಸಿಲಿನ್ ನೀಲಿ, ಇಯೋಸಿನ್ ಗುಲಾಬಿ ಬಣ್ಣ ಕೊಡುತ್ತವೆ. ನೀಲಿಯ ಮೂಲ ಮಧ್ಯ ಅಮೆರಿಕದ ಮರವೊಂದರ ತಿರುಳು.

ಈಗ ಸೂಕ್ಷ್ಮದರ್ಶಕ. ಆರೋಗ್ಯವಂತ ಹಾಲಿನ ನಾಳಕ್ಕೆ ಎರಡು ಸುತ್ತು ಜೀವಕೋಶಗಳು: ಒಳಗೆ ಹಾಲು ಒಸರುವವು, ಹೊರಗೆ ಅದನ್ನು ಮುಂದಕ್ಕೆ ಹಿಂಡುವ ಮಯೋಎಪಿಥೀಲಿಯಲ್ ಕೋಶಗಳು. ಕಣ್ಣು ಹುಡುಕುವುದು ಈ ಹೊರಸುತ್ತನ್ನೇ. ಹುಡುಗಿಯ ಸ್ಲೈಡಿನಲ್ಲಿ ನಾಳಗಳು ಒತ್ತಿಹೋಗಿ ಸೀಳುಗಳಾಗಿದ್ದರೂ ಎರಡೂ ಸುತ್ತು ಇವೆ. ಇನ್ನೊಂದರಲ್ಲಿ ಕೆಲವು ನಾಳಗಳ ತುಂಬ ಕ್ಯಾನ್ಸರ್ ಕೋಶಗಳಿದ್ದರೂ ಹೊರಸುತ್ತು ಉಳಿದಿದೆ. ಅಷ್ಟೇ ಇದ್ದಿದ್ದರೆ ರೋಗ ಇನ್ನೂ ನಾಳದೊಳಗೇ ಇದೆ ಎನ್ನಬಹುದಿತ್ತು. ಸ್ಲೈಡ್ ಸರಿಸಿದರೆ ಆ ಸುತ್ತು ಇಲ್ಲ. ಕೋಶಗಳು ಗುಂಪುಗುಂಪಾಗಿ ಹೊರಗೆ ನುಗ್ಗಿವೆ. ಲಾಬ್ಯುಲರ್ ಎಂಬ ಬಗೆಯಲ್ಲಾದರೆ ಅವು ಒಂದರ ಹಿಂದೊಂದು ಸಾಲುಗಟ್ಟಿ ನುಸುಳುತ್ತವೆ. ಕೋಶಗಳನ್ನು ಬೆಸೆದಿಡುವ ಇ-ಕ್ಯಾಡ್ಹೆರಿನ್ ಪ್ರೋಟೀನು ಅಲ್ಲಿ ಕಳೆದುಹೋಗಿರುತ್ತದೆ. ಮ್ಯಾಮೋಗ್ರಾಮಿನ ಕಣ್ಣನ್ನೂ ಅದು ಹಲವು ಸಲ ತಪ್ಪಿಸುತ್ತದೆ.

ಕ್ಯಾನ್ಸರ್ ಎಷ್ಟು ಉಗ್ರವೆಂದು ಅಳೆಯಲು ಮೂರು ಪ್ರಶ್ನೆ. ನಾಳದ ಆಕಾರ ಎಷ್ಟು ಉಳಿದಿದೆ, ಕೋಶಕೇಂದ್ರ ಎಷ್ಟು ವಿಕಾರಗೊಂಡಿದೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ: ಒಂದೊಂದಕ್ಕೂ 1ರಿಂದ 3 ಅಂಕ. ಬ್ಲೂಮ್ ಮತ್ತು ರಿಚರ್ಡ್‌ಸನ್ 1957ರಲ್ಲಿ ರೂಪಿಸಿದ ಈ ಪದ್ಧತಿಯನ್ನು 1991ರಲ್ಲಿ ನಾಟಿಂಗ್‌ಹ್ಯಾಮಿನ ಎಲ್ಸ್‌ಟನ್, ಎಲ್ಲಿಸ್ ತಿದ್ದಿ ಬಿಗಿಗೊಳಿಸಿದರು. ಈ ಸ್ಲೈಡಿನ ಮೊತ್ತ 7, ಅಂದರೆ ಗ್ರೇಡ್ 2.

ಕೈಗೆ ಕ್ಯಾನ್ಸರಿನಂತೆಯೇ ಸಿಗುವ ಕ್ಷಯದ ಗಂಟೂ ಉಂಟು, ಪೆಟ್ಟು ಬಿದ್ದು ಕೊಬ್ಬು ಸತ್ತು ಗಟ್ಟಿಯಾದದ್ದೂ ಉಂಟು. ಹಾಗಿರುವಾಗ, ತೆಗೆದ ಗಂಟನ್ನು ಟ್ರೇಯಲ್ಲಿಟ್ಟು ಮನೆಯವರಿಗೆ ತೋರಿಸಿ, "ಬರೀ ಗಂಟು, ಏನಿಲ್ಲ" ಎಂದು ಎಸೆದುಬಿಡುವುದು ನನಗೆ ಸಹಿಸಲಾಗದ ಸಂಗತಿ. ಪರೀಕ್ಷೆಗೆ ಕಳಿಸಿದಿರಾ ಎಂದು ಮನೆಯವರು ಕೇಳಲೇಬೇಕು. ಕಳಿಸುವುದಾದರೆ ಗಂಟಿನ ಹತ್ತು ಪಟ್ಟು ಫಾರ್ಮಾಲಿನ್ ಇರಬೇಕು, ಬರಿ ನೀರಲ್ಲ. ಅದರಲ್ಲಿ 6 ಗಂಟೆಗಿಂತ ಕಡಿಮೆಯಾಗಲಿ 72 ಗಂಟೆಗಿಂತ ಹೆಚ್ಚಾಗಲಿ ಇದ್ದರೆ, ಹಾರ್ಮೋನ್ ತಡೆಯುವ ಮಾತ್ರೆ ಫಲಿಸೀತೇ ಎಂದು ತಿಳಿಸುವ ಈಸ್ಟ್ರೋಜನ್ ಗ್ರಾಹಕದ ಪರೀಕ್ಷೆ ಹಾದಿ ತಪ್ಪಬಹುದು. ಟೆಕ್ನಿಷಿಯನ್ ಫೋನ್ ಹಿಡಿದು ಗಂಟೆ ಕೇಳಿದ್ದು ಅದಕ್ಕೇ. ರಿಪೋರ್ಟ್ ಹೊರಟ ಮೇಲೂ ಬ್ಲಾಕು, ಸ್ಲೈಡುಗಳನ್ನು ವಿಭಾಗ ವರ್ಷಗಟ್ಟಲೆ ಕಾಪಿಡುತ್ತದೆ. ಇನ್ನೊಬ್ಬ ವೈದ್ಯರಿಗೆ ತೋರಿಸಬೇಕೆನಿಸಿದರೆ ಅರ್ಜಿ ಕೊಟ್ಟು ಕೇಳಬಹುದು.