ಮರೆವಿನ ರೋಗವೂ ವಿದ್ಯುತ್ ಸೂಜಿಯೂ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಆದರೆ ಮುಪ್ಪಿನ ಮರೆವೆಲ್ಲವೂ ಒಂದೇ ಬಗೆಯದಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ತಡಕಾಡುವುದು ಒಂದು ಬಗೆ. ಅದು ಯಾತಕ್ಕೆ ಬೇಕಾದ ವಸ್ತುವೆಂಬುದೇ ಮರೆತುಹೋಗುವುದು ಇನ್ನೊಂದು. ಹೆತ್ತ ಮಗನನ್ನು 'ತಾವಾರು?' ಎಂದು ಕೇಳುವ, ಸ್ವಂತ ಮನೆಯ ಜಗಲಿಯಲ್ಲಿ ಕುಳಿತು 'ಮನೆಗೆ ಹೋಗೋಣ' ಎಂದು ಹಂಬಲಿಸುವ ಹಿರಿಯರನ್ನು ಬಾಧಿಸುತ್ತಿರುವುದು ಬರಿಯ ವಯೋಧರ್ಮವಲ್ಲ, ಮಿದುಳಿನ ವ್ಯಾಧಿ. ಅಂತಹ ವ್ಯಾಧಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವುದು ಆಲ್‌ಜೈಮರ್ ರೋಗ.

ಜರ್ಮನಿಯ ವೈದ್ಯರಾದ ಆಲೋಯಿಸ್ ಆಲ್‌ಜೈಮರ್ ಅವರು 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ 51 ವರ್ಷದ ಹೆಂಗಸೊಬ್ಬಳನ್ನು ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ತರುವಾಯ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು, ನರಕೋಶಗಳ ನಡುವೆ ಮಚ್ಚೆಗಳೂ ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳೂ ಕಂಡವು. ಮಚ್ಚೆಗಳು ಆಮಿಲಾಯ್ಡ್ ಎಂಬ ಪ್ರೋಟೀನಿನವು, ಎಳೆಗಳು ಟಾವ್ ಎಂಬುದರವು. ಇಂದು ಇರುವ ಔಷಧಗಳಲ್ಲಿ ಕೆಲವು ರೋಗದ ನಡಿಗೆಯನ್ನು ಅಲ್ಪಸ್ವಲ್ಪ ನಿಧಾನಗೊಳಿಸುತ್ತವೆ. ಹೋದ ನೆನಪನ್ನು ಮರಳಿ ತರುವಂತಹದು ಒಂದೂ ಇಲ್ಲ.

ಹೀಗಿರಲು ಶಾಸ್ತ್ರಜ್ಞರು ನಾನಾ ದಾರಿಗಳನ್ನು ಅರಸುತ್ತಿರುವುದು ಸಹಜವೇ. ಚೀನಾದ ಪ್ರಯೋಗಶಾಲೆಗಳಲ್ಲಿ ವಿಶೇಷವಾಗಿ ನಡೆದಿರುವುದು ವಿದ್ಯುತ್ ಸೂಚೀಚಿಕಿತ್ಸೆಯ ಪರೀಕ್ಷೆ. ಕೂದಲಿನಂತೆ ತೆಳುವಾದ ಸೂಜಿಗಳನ್ನು ಗೊತ್ತಾದ ಸ್ಥಾನಗಳಲ್ಲಿ ಚುಚ್ಚುವುದು ಆ ದೇಶದ ಪುರಾತನ ಪದ್ಧತಿ. ಹಾಗೆ ಚುಚ್ಚಿದ ಎರಡು ಸೂಜಿಗಳಿಗೆ ತಂತಿ ಜೋಡಿಸಿ ಅತಿ ಮಂದವಾದ ವಿದ್ಯುತ್ತನ್ನು ಮಿಡಿಮಿಡಿಯಾಗಿ ಹರಿಸುವುದು ಇಪ್ಪತ್ತನೆಯ ಶತಮಾನದ ಹೊಸ ಸೇರ್ಪಡೆ. ನೆತ್ತಿಯ ಮೇಲಿನ 'ಬೈಹುಯಿ', ಮೊಣಕಾಲಿನ ಕೆಳಗಿನ 'ಝುಸಾನ್ಲಿ' ಎಂಬ ಸ್ಥಾನಗಳು ಈ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಕೆಯಾಗುತ್ತವೆ.

ಪ್ರಯೋಗಕ್ಕೆ ಒಳಗಾಗುವುದು ಇಲಿಗಳು. ಇಲಿಗಳಿಗೆ ಈ ರೋಗ ತಾನಾಗಿ ಬರುವುದಿಲ್ಲ. ಆದುದರಿಂದ ರೋಗವು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಮಾನವ ಕುಟುಂಬಗಳಲ್ಲಿ ಕಂಡ ದೋಷಯುಕ್ತ ಜೀನುಗಳನ್ನು ಅವುಗಳಲ್ಲಿ ಸೇರಿಸುತ್ತಾರೆ. ಅಂತಹ 5 ದೋಷಗಳನ್ನು ಹೊತ್ತ ಒಂದು ತಳಿಯಲ್ಲಿ ಎರಡು ತಿಂಗಳಾಗುವಷ್ಟರಲ್ಲೇ ಮಚ್ಚೆಗಳು ತೋರತೊಡಗುತ್ತವೆ.

ಇನ್ನು ಇಲಿಗೆ ನೆನಪಿದೆಯೇ ಇಲ್ಲವೇ ಎಂದು ತಿಳಿಯುವುದೆಂತು? ಬ್ರಿಟನ್ನಿನ ರಿಚರ್ಡ್ ಮಾರಿಸ್ ಅವರು 1981ರಲ್ಲಿ ಪ್ರಕಟಿಸಿದ ಉಪಾಯವೊಂದಿದೆ. ಒಂದು ದುಂಡನೆಯ ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿ, ತಳ ಕಾಣದಂತೆ ಅದನ್ನು ಬೆಳ್ಳಗೆ ಕದಡುತ್ತಾರೆ. ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಮಳೆಗಾಲದ ಗದ್ದೆಯಲ್ಲಿ ಮುಳುಗಿದ ಬದುವಿನಂತೆ, ಒಂದು ಸಣ್ಣ ಪೀಠವಿರುತ್ತದೆ. ನೀರಿಗೆ ಬಿಟ್ಟ ಇಲಿ ಈಜುತ್ತ ಈಜುತ್ತ ಅಕಸ್ಮಾತ್ತಾಗಿ ಅದನ್ನು ಮುಟ್ಟಿ ಹತ್ತಿ ನಿಲ್ಲುತ್ತದೆ. ದಿನದಿನವೂ ಹೀಗೆ ಬಿಟ್ಟರೆ, ಸುತ್ತಲಿನ ಗೋಡೆಯ ಗುರುತುಗಳನ್ನು ನೋಡಿಕೊಂಡು ನೇರವಾಗಿ ಅಲ್ಲಿಗೇ ಬರಲು ಕಲಿಯುತ್ತದೆ. ಕಡೆಗೊಂದು ದಿನ ಪೀಠವನ್ನೇ ತೆಗೆದುಬಿಡುತ್ತಾರೆ. ನೆನಪುಳ್ಳ ಇಲಿ ಅದೇ ಜಾಗದಲ್ಲಿ ಸುತ್ತುತ್ತದೆ. ಮರೆತ ಇಲಿ ತೊಟ್ಟಿಯೆಲ್ಲ ಅಲೆಯುತ್ತದೆ. ಮಾತು ಬಾರದ ಪ್ರಾಣಿಯನ್ನು 'ನೆನಪಿದೆಯೇ?' ಎಂದು ಕೇಳಲು ಇದಕ್ಕಿಂತ ಜಾಣತನದ ಬಗೆ ನಮಗಂತೂ ತೋರದು.

ವಿದ್ಯುತ್ ಸೂಜಿಯ ಉಪಚಾರ ಪಡೆದ ರೋಗಿ ಇಲಿಗಳು, ಪಡೆಯದವುಗಳಿಗಿಂತ ಬೇಗನೆ ಪೀಠವನ್ನು ಸೇರಿದುವೆಂದೂ, ಅವುಗಳ ಮಿದುಳಿನಲ್ಲಿ ಆಮಿಲಾಯ್ಡ್ ಮತ್ತು ಉರಿಯೂತ ತಗ್ಗಿದುವೆಂದೂ ಹಲವು ವರದಿಗಳು ಹೇಳುತ್ತವೆ. ಕಾಲಿಗೆ ಚುಚ್ಚಿದ ಸೂಜಿ ದೂರದ ಅಂಗವನ್ನು ಮುಟ್ಟುವುದು ಹೇಗೆ? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಚ್ಯೂಫು ಮಾ ಅವರ ತಂಡ 2021ರಲ್ಲಿ ಒಂದು ದಾರಿಯನ್ನು ತೋರಿಸಿತು. ಇಲಿಯ ಹಿಂಗಾಲಿನ ಆ ಸ್ಥಾನಕ್ಕೆ ಮಂದ ವಿದ್ಯುತ್ತು ತಾಗಿದಾಗ ಒಂದು ವಿಶಿಷ್ಟ ಜಾತಿಯ ನರತಂತುಗಳು ಎಚ್ಚೆತ್ತು, ವೇಗಸ್ ಎಂಬ ನರದ ಮೂಲಕ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯನ್ನು ಪ್ರೇರಿಸಿ ಉರಿಯೂತವನ್ನು ತಗ್ಗಿಸಿದುವು. ಹೊಟ್ಟೆಗೆ ಕೊಟ್ಟ ಅದೇ ವಿದ್ಯುತ್ತು ಆ ದಾರಿಯನ್ನು ತೆರೆಯಲಿಲ್ಲ. ಅದು ಮರೆವಿನ ರೋಗದ ಪ್ರಯೋಗವಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

ಸಂದೇಹಗಳೂ ಸಣ್ಣವಲ್ಲ. ಫಲ ಕೊಟ್ಟುದು ಸೂಜಿಯೋ, ಇಲಿಯನ್ನು ದಿನವೂ ಹಿಡಿದು ಕಟ್ಟಿದುದೋ, ಕೊಟ್ಟ ಮಂಪರು ಔಷಧವೋ ಎಂಬುದನ್ನು ಬೇರ್ಪಡಿಸಲು, ಎಲ್ಲವನ್ನೂ ಅಂತೆಯೇ ಮಾಡಿ ಉಪಚಾರವನ್ನು ಮಾತ್ರ ಸೋಗಿನಿಂದ ನಡೆಸಿದ ಇನ್ನೊಂದು ಗುಂಪು ಬೇಕು. ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು. ಇಷ್ಟಾದರೂ ಇಲಿಯೇ ಬೇರೆ, ಮನುಷ್ಯನೇ ಬೇರೆ. ಇಲಿಗಳಲ್ಲಿ ಆಮಿಲಾಯ್ಡಿನ ಉತ್ಪತ್ತಿಯನ್ನು ಇಳಿಸಿದ ಸೆಮಗಾಸೆಸ್ಟಾಟ್ ಎಂಬ ಔಷಧವು ರೋಗಿಗಳ ಸ್ಥಿತಿಯನ್ನು ಇನ್ನಷ್ಟು ಕೆಡಿಸಿದ್ದರಿಂದ 2010ರಲ್ಲಿ ಅದರ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಆದುದರಿಂದ 'ಸೂಜಿಯಿಂದ ಮರೆವನ್ನು ಗುಣಪಡಿಸುವೆವು' ಎಂಬ ಫಲಕವನ್ನು ಕಂಡು ಮನೆಯ ಹಿರಿಯರನ್ನು ಕರೆದೊಯ್ಯುವ ಪೋಷಕರಿಗೆ ನಾವು ಎರಡು ಸಂಗತಿಗಳನ್ನು ತಿಳಿಸಬೇಕಾಗಿದೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರಿಗೆ ವಿದ್ಯುತ್ ಸೂಜಿ ಅಪಾಯಕಾರಿಯಾಗಬಹುದು. ಎರಡನೆಯದಾಗಿ, ಥೈರಾಯ್ಡ್ ಗ್ರಂಥಿಯ ಕೊರತೆ, ಬಿ12 ಜೀವಸತ್ತ್ವದ ಅಭಾವ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಇವುಗಳಿಗೆ ಇಂದೇ ಔಷಧವಿದೆ. ಮೊದಲೆರಡನ್ನು ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಕಂಡುಹಿಡಿಯಬಹುದು.