ಮುಖ ನೋಡುವ ಮುನ್ನ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಆ ಸುಳ್ಳುಗಳನ್ನು ಪತ್ತೆಹಚ್ಚುವ ಉಪಾಯವನ್ನೂ ಬಲ್ಲವರಾಗಿದ್ದರು. ಸಂಬಂಧ ಕೂಡಿಬರುವ ಸೂಚನೆ ಕಂಡೊಡನೆ ಹೆಣ್ಣಿನ ಕಡೆಯ ಸೋದರಮಾವನೋ ಚಿಕ್ಕಪ್ಪನೋ ಏನಾದರೊಂದು ನೆಪ ಹೂಡಿ ಗಂಡಿನ ಊರಿಗೆ ಹೊರಡುತ್ತಿದ್ದ. ಅಡಿಕೆಯ ಧಾರಣೆ ವಿಚಾರಿಸುವ ನೆಪ, ಇಡಗುಂಜಿಯ ಗಣಪತಿಯ ದರ್ಶನದ ನೆಪ, ಅದೂ ಇಲ್ಲವಾದರೆ ಬಯಲಾಟದ ನೆಪ. ಅಂಗಡಿಯ ಜಗಲಿಯ ಮೇಲೆ ಕುಳಿತು ಕವಳ ಹಾಕುತ್ತ, ಮನೆತನಕ್ಕೆ ಸಾಲವೆಷ್ಟು, ಹುಡುಗನಿಗೆ ಇಸ್ಪೀಟಿನ ಚಟವುಂಟೆ, ಅತ್ತೆಯಾಗುವವಳ ಬಾಯಿ ಹೇಗೆ ಎಂಬುದನ್ನೆಲ್ಲ ಅವನು ತಿಳಿದುಕೊಂಡು ಬರುತ್ತಿದ್ದ.

ಇಂದು ಭಟ್ಕಳ, ಹೊನ್ನಾವರ, ಕುಮಟಾಗಳ ಮನೆಗಳಲ್ಲಿ ಆ ಸೋದರಮಾವನ ಕೆಲಸವನ್ನು ಮೊಬೈಲು ವಹಿಸಿಕೊಂಡಿದೆ. ಜಾತಕ ಕೈಗೆ ಬಂದ ಗಳಿಗೆಯಲ್ಲಿಯೇ ಹುಡುಗನ ಹೆಸರು ಅಂತರ್ಜಾಲದ ಪರೀಕ್ಷೆಗೆ ಒಳಗಾಗುತ್ತದೆ. ಹುಡುಗನ ಮನೆಯವರೂ ಸುಮ್ಮನಿರುವುದಿಲ್ಲ. ಉಭಯ ಪಕ್ಷಗಳೂ ಪರಸ್ಪರ ಮುಖ ನೋಡುವ ಮುನ್ನವೇ ಒಬ್ಬರ ವಿಚಾರವನ್ನೊಬ್ಬರು ಬಹುಮಟ್ಟಿಗೆ ಅರಿತಿರುತ್ತಾರೆ. ಅರಿತಿದ್ದೇವೆಂದು ಭಾವಿಸಿರುತ್ತಾರೆ ಎನ್ನುವುದೇ ಹೆಚ್ಚು ಸರಿಯೇನೋ!

ಹಳೆಯ ವಿಚಾರಣೆಗೆ ಒಂದು ದೊಡ್ಡ ಗುಣವಿತ್ತು. ಅಲ್ಲಿ ಮಾತಿಗೆ ಹೊಣೆಗಾರರಿದ್ದರು. ‘ಹುಡುಗ ಬಂಗಾರದಂಥವನು’ ಎಂದು ಹೇಳಿದ ಮಧ್ಯಸ್ಥ ಮರುವರ್ಷದ ತೇರಿನಲ್ಲಿ ಹೆಣ್ಣಿನ ತಂದೆಗೆ ಎದುರಾಗಲೇಬೇಕಿತ್ತು. ಆದರೆ ಅದರ ಲೋಪವೂ ಸಣ್ಣದಲ್ಲ. ಊರನ್ನೆಲ್ಲ ಕೇಳುತ್ತಿದ್ದ ಹಿರಿಯರು ಮದುವೆಯಾಗಬೇಕಾದ ಹುಡುಗಿಯನ್ನು ಮಾತ್ರ ಕೇಳುತ್ತಿರಲಿಲ್ಲ. ಹೊನ್ನಾವರ ತಾಲೂಕಿನ ಕರ್ಕಿಯವರಾದ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಷ್ಟು ಹಿಂದೆಯೇ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ರಚಿಸಿ, ಹಣ ಪಡೆದು ಮಗಳನ್ನು ಕೊಡುವ ಕನ್ಯಾವಿಕ್ರಯದ ಪದ್ಧತಿಯನ್ನು ಬಯಲಿಗೆಳೆದರು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ಕೃತಿ ಹುಟ್ಟಿದ್ದು ಈ ಕರಾವಳಿಯವರ ಲೇಖನಿಯಿಂದ, ಅದೂ ಮದುವೆಯ ವ್ಯವಹಾರವನ್ನು ಕುರಿತೇ ಎಂಬುದು ಗಮನಾರ್ಹ.

ಕಾಲ ಬದಲಾಯಿತು. ಶಾದಿ ಡಾಟ್ ಕಾಮ್, ಭಾರತ್ ಮ್ಯಾಟ್ರಿಮೊನಿಯಂಥ ವಧೂವರರ ಜಾಲತಾಣಗಳು 1990ರ ದಶಕದ ಉತ್ತರಾರ್ಧದಲ್ಲಿ ತಲೆಯೆತ್ತಿದವು. 1998ರಲ್ಲಿ ಕೊಂಕಣ ರೈಲು ಈ ಮೂರೂ ಊರುಗಳನ್ನು ಮುಂಬಯಿಗೂ ಮಂಗಳೂರಿಗೂ ಬೆಸೆಯಿತು. ತೋಟದ ಮನೆಯ ಮಕ್ಕಳು ಬೆಂಗಳೂರಿನ ಕಚೇರಿಗಳನ್ನು ಸೇರಿದರು. ಭಟ್ಕಳದ ಎಷ್ಟೋ ಕುಟುಂಬಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಹತ್ತು ವರ್ಷ ಹೊರಗೇ ಇದ್ದ ಹುಡುಗನ ನಡತೆಯನ್ನು ಅವನ ಊರಿನ ಅಂಗಡಿಯವನು ಹೇಗೆ ತಾನೆ ಬಲ್ಲ? ಆದುದರಿಂದ ಮೊಬೈಲಿನ ವಿಚಾರಣೆಯನ್ನು ಹುಡುಗಾಟವೆಂದು ಜರೆಯುವುದು ನ್ಯಾಯವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಿಂದೆ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡಬೇಕಾಗಿದ್ದ ಹುಡುಗಿ ಇಂದು ತಾನೇ ವಿಚಾರಿಸಬಲ್ಲಳು. ಇದು ಕಡಿಮೆಯ ಮಾತಲ್ಲ.

ಹಾಗಾದರೆ ಮೊಬೈಲು ಏನನ್ನು ಹೇಳಬಲ್ಲುದು? ದಾಖಲೆಗೆ ಸಂಬಂಧಿಸಿದುದನ್ನು ಚೆನ್ನಾಗಿಯೇ ಹೇಳುತ್ತದೆ. ‘ನಾಲ್ಕು ಎಕರೆ ಅಡಿಕೆ ತೋಟವಿದೆ’ ಎಂದರೆ, ಸರ್ವೆ ನಂಬರು ಗೊತ್ತಿದ್ದರೆ ಕರ್ನಾಟಕ ಸರಕಾರದ ‘ಭೂಮಿ’ ತಾಣದಲ್ಲಿ ಪಹಣಿಯನ್ನು ನೋಡಬಹುದು. ವೈದ್ಯನೆಂದು ಹೇಳಿಕೊಂಡವನ ಹೆಸರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೋಂದಣಿಯಲ್ಲಿ ಹುಡುಕಬಹುದು. ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಕಾರರ ಹೆಸರಿನಿಂದ ಮೊಕದ್ದಮೆಗಳನ್ನು ಅರಸುವುದಕ್ಕೆ ಅವಕಾಶವಿದೆ. ಭಾವಚಿತ್ರ ಬೇರೆಯವರದೆಂಬ ಶಂಕೆ ಬಂದರೆ ಗೂಗಲ್ ಲೆನ್ಸಿನಂಥ ಸಾಧನಕ್ಕೆ ಅದನ್ನು ಒಪ್ಪಿಸಿ, ಅದೇ ಚಿತ್ರ ಇನ್ನೆಲ್ಲಿ ಯಾವ ಹೆಸರಿನಲ್ಲಿದೆ ಎಂದು ಪರೀಕ್ಷಿಸಬಹುದು.

ಆದರೆ ಇಲ್ಲಿಯೂ ಎಚ್ಚರ ಬೇಕು. ನಮ್ಮ ಜಿಲ್ಲೆಯಲ್ಲಿ ಗಣಪತಿ, ಮಂಜುನಾಥ ಎಂಬ ಹೆಸರುಗಳಿಗೂ ಹೆಗಡೆ, ಭಟ್ಟ, ನಾಯ್ಕ ಎಂಬ ಅಡ್ಡಹೆಸರುಗಳಿಗೂ ಬರವಿಲ್ಲ. ತಂದೆಯ ಹೆಸರು, ಊರು, ವಯಸ್ಸು ಹೊಂದದೆ ಯಾರದೋ ಮೊಕದ್ದಮೆಯನ್ನು ಯಾರದೋ ತಲೆಗೆ ಕಟ್ಟಿದರೆ ಆಗುವ ಅನ್ಯಾಯಕ್ಕೆ ಪರಿಹಾರವಿಲ್ಲ. ಮೊಕದ್ದಮೆ ಇದ್ದ ಮಾತ್ರಕ್ಕೆ ಅಪರಾಧವೂ ಸಿದ್ಧವಾಗುವುದಿಲ್ಲ. ದಾಯಾದಿಗಳ ಗಡಿ ತಕರಾರಿನಲ್ಲಿ ಪ್ರತಿವಾದಿಯಾಗದ ಕೃಷಿಕ ಕುಟುಂಬ ಎಷ್ಟಿದ್ದೀತು!

ಸ್ವಭಾವದ ಮಾತು ಬಂದಾಗಲಂತೂ ಮೊಬೈಲು ತೀರ ದುರ್ಬಲ ಸಾಕ್ಷಿ. ಐದು ವರ್ಷದ ಹಿಂದೆ ಗೆಳೆಯರೊಡನೆ ಮುರ್ಡೇಶ್ವರದ ಕಡಲದಂಡೆಯಲ್ಲಿ ತೆಗೆಸಿಕೊಂಡ ಒಂದು ಚಿತ್ರ ಹುಡುಗನದಾದರೆ ನಕ್ಕು ಮುಂದೆ ಸಾಗುತ್ತೇವೆ. ಅದೇ ಚಿತ್ರ ಹುಡುಗಿಯದಾದರೆ ಮನೆಮಂದಿಯೆಲ್ಲ ಕೂಡಿ ಚರ್ಚಿಸುತ್ತೇವೆ. ಕಾರಣ ಹೇಳದೆ ಸಂಬಂಧ ಮುರಿಯುತ್ತದೆ. ತನ್ನ ಮೇಲೆ ಯಾವ ಆರೋಪ ಬಂತೆಂಬುದು ಅವಳಿಗೆ ತಿಳಿಯುವುದೇ ಇಲ್ಲ. ಹಳೆಯ ಕಾಲದ ಚಾಡಿಗಾದರೂ ಹೇಳಿದವನೊಬ್ಬನಿರುತ್ತಿದ್ದ; ಅವನನ್ನು ಹಿಡಿದು ಕೇಳಬಹುದಿತ್ತು. ಚಿತ್ರವನ್ನು ಯಾರು ಕೇಳಬೇಕು? ಹುಡುಗಿಯ ಕೈಗೆ ಬಂದ ಸಾಧನವೇ ಅವಳ ಮೇಲಿನ ಹೊಸ ಕಾವಲಾಗಬಾರದು.

ಇನ್ನು ವಂಚಕರ ವಿಷಯ. ಮುಖವನ್ನೇ ತೋರದೆ ತಿಂಗಳುಗಟ್ಟಲೆ ಸವಿಮಾತನಾಡಿ, ಕೊನೆಗೆ ‘ಕಸ್ಟಮ್ಸಿನಲ್ಲಿ ಉಡುಗೊರೆ ಸಿಕ್ಕಿಬಿದ್ದಿದೆ’, ‘ಆಸ್ಪತ್ರೆಯ ಬಿಲ್ಲು ಕಟ್ಟಬೇಕಾಗಿದೆ’ ಎಂದು ಹಣ ಕೇಳುವುದು ಇವರ ರೂಢಿ. ಹಣದ ಮಾತು ಬಂದ ದಿನವೇ ಆ ಸಂಬಂಧವನ್ನು ಕೈಬಿಡಬೇಕು. ವಿವಾಹ ಜಾಲತಾಣಗಳು ಬಳಕೆದಾರರ ಗುರುತನ್ನು ಪರಿಶೀಲಿಸಬೇಕೆಂದು ಕೇಂದ್ರ ಸರಕಾರ 2016ರಲ್ಲಿ ಸೂಚನೆ ಹೊರಡಿಸಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ, ಕಂಪ್ಯೂಟರಿನ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸಿದವನಿಗೆ 3 ವರ್ಷಗಳವರೆಗೆ ಸೆರೆಮನೆಯೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಹಣ ಕಳೆದುಕೊಂಡವರು ನಾಚಿಕೆಯಿಂದ ಬಾಯಿ ಮುಚ್ಚಿ ಕೂಡದೆ ಒಡನೆಯೇ 1930 ಸಂಖ್ಯೆಗೆ ದೂರವಾಣಿ ಮಾಡಬೇಕು. ಮದುವೆಯೇ ಆಗಿಹೋದ ಮೇಲೆ ಮೋಸ ಬಯಲಾದರೂ ದಾರಿಯಿಲ್ಲದಿಲ್ಲ. ಮಹತ್ವದ ಸಂಗತಿಯನ್ನು ವಂಚನೆಯಿಂದ ಮರೆಸಿ ಒಪ್ಪಿಗೆ ಪಡೆದಿದ್ದರೆ, 1955ರ ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮಿನ ಪ್ರಕಾರ ವಿವಾಹವನ್ನು ರದ್ದುಪಡಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು ಎಂಬುದು ನೆನಪಿರಲಿ.

ಇಷ್ಟೆಲ್ಲ ಆದಮೇಲೆ ಹೆಣ್ಣು ಗಂಡು ಎದುರುಬದುರು ಕೂಡುವ ದಿನ ಬರುತ್ತದೆ. ಮೊದಲ ಭೇಟಿ ನಾಲ್ಕು ಜನರ ಓಡಾಟವಿರುವ ಕಡೆ ನಡೆಯಲಿ. ಎಲ್ಲಿಗೆ ಹೋಗುತ್ತೇವೆಂದು ಮನೆಯವರಿಗೆ ತಿಳಿದಿರಲಿ. ಅಂತರ್ಜಾಲದಲ್ಲಿ ಕಂಡು ಮನಸ್ಸನ್ನು ಕೊರೆಯುತ್ತಿರುವ ಸಂಗತಿ ಏನಿದ್ದರೂ ಅದನ್ನು ನೇರವಾಗಿ, ಸೌಜನ್ಯದಿಂದ ಕೇಳಿಬಿಡುವುದು ಲೇಸು. ‘ನಿಮ್ಮ ವಿಷಯ ನೋಡಿದೆ, ಹೀಗೊಂದು ಕಂಡಿತು, ಏನದು?’ ಎಂದರೆ ತಪ್ಪಿಲ್ಲ. ಸತ್ಯವಂತರು ವಿವರಿಸುತ್ತಾರೆ, ಮರೆಸಬೇಕಾದುದನ್ನು ಇಟ್ಟುಕೊಂಡವರು ಸಿಟ್ಟಾಗುತ್ತಾರೆ. ಉತ್ತರ ಕೊಡುವ ರೀತಿಯಲ್ಲಿಯೇ ಸ್ವಭಾವದ ಒಂದು ಎಳೆ ಕೈಗೆ ಸಿಗುತ್ತದೆ.

ಸೋದರಮಾವನಿಗೂ ಕೆಲಸ ಮುಗಿದಿಲ್ಲ. ಮೊಬೈಲು ಕೊಟ್ಟ ವಿವರಗಳನ್ನು ಚೀಟಿಯಲ್ಲಿ ಬರೆದುಕೊಂಡು ಅವನೊಮ್ಮೆ ಹೋಗಿಬರಲಿ. ಹುಡುಗ ಬೆಂಗಳೂರಿನಲ್ಲಿದ್ದರೆ ಅವನ ಸಹೋದ್ಯೋಗಿಗಳನ್ನೂ, ದುಬೈಯಲ್ಲಿದ್ದರೆ ಅಲ್ಲಿಯ ಊರವರನ್ನೂ ಮಾತನಾಡಿಸಲಿ. ಬಂದು ಹೇಳುವಾಗ ಮಾತ್ರ ಜಗಲಿಯ ಮೇಲಿನ ಗಂಡಸರಿಗಷ್ಟೇ ಹೇಳದೆ, ಮದುವೆಯಾಗಬೇಕಾದವಳನ್ನು ಹತ್ತಿರ ಕೂಡಿಸಿಕೊಂಡು ಹೇಳಲಿ. ಬೇಕು, ಬೇಡ ಎನ್ನುವ ಮಾತು ಅವಳ ಬಾಯಿಂದಲೇ ಬರಲಿ.