68 ಹೊಂದಿತು, ಸೈಕಲ್‌ಗೆ ಹೊಂದಲಿಲ್ಲ

ಶನಿವಾರ ಮಧ್ಯಾಹ್ನ ಬಸವಕಲ್ಯಾಣದಲ್ಲಿ ಕೊನೆಯ ಕ್ಲಾಸ್ ಮುಗಿಯಿತೆಂದರೆ ನಾನು ಬಸ್ ಸ್ಟ್ಯಾಂಡ್ ಕಡೆ ಹೋಗುವುದಿಲ್ಲ. ರೂಮಿನಿಂದ ಸೈಕಲ್ ಇಳಿಸಿಕೊಂಡು, ಸಸ್ತಾಪುರ ಬಂಗ್ಲಾ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿಯುತ್ತೇನೆ. ರಾಜೇಶ್ವರದಲ್ಲಿ ಒಂದು ಚಹಾ. ಹುಮನಾಬಾದಿನ ಮನೆ ಮುಟ್ಟುವಷ್ಟರಲ್ಲಿ ಸುಮಾರು 30 ಕಿ.ಮೀ. ಆಗಿರುತ್ತದೆ. ಕಳೆದ ಸೆಮಿಸ್ಟರ್‌ನಲ್ಲಿ ಈ ದಾರಿಯುದ್ದಕ್ಕೂ ಸೈಕಲ್ ಟಕ್ ಟಕ್ ಎನ್ನಲು ಶುರು ಮಾಡಿತು. ಬಲಗಾಲು ಒತ್ತಿದಾಗಲೆಲ್ಲ ಟಕ್. ಇಳಿದು ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿದರೆ ಬುಡವೇ ಅಲ್ಲಾಡುತ್ತಿತ್ತು.

ಆ ಬುಡದ ಹೆಸರು ಬಾಟಮ್ ಬ್ರಾಕೆಟ್. ಅಂಗಡಿಯ ಮಾತಿನಲ್ಲಿ ಬಿಬಿ. ಫ್ರೇಮಿನ ಕೆಳಗೆ ಅಡ್ಡಲಾಗಿ ಒಂದು ಗಿಡ್ಡ ಕೊಳವೆ ಇರುತ್ತದಲ್ಲ, ಅದು ಶೆಲ್. ಅದರೊಳಗೆ ಬೇರಿಂಗ್, ಬೇರಿಂಗಿನೊಳಗೆ ಆಕ್ಸಲ್, ಆಕ್ಸಲ್‌ನ ಎರಡು ತುದಿಗೆ ಕ್ರ್ಯಾಂಕ್, ಕ್ರ್ಯಾಂಕಿಗೆ ಪೆಡಲ್. ಬೆಂಗಳೂರಿಗೆ ಕೆಲಸಕ್ಕೆ ಹೋದ ಸೀನಿಯರ್ ಒಬ್ಬರಿಂದ ಕೊಂಡ ನನ್ನ ರೋಡ್ ಬೈಕಿನಲ್ಲಿ ಇದ್ದದ್ದು ಚೌಕಾಕಾರದ ತುದಿಯ ಆಕ್ಸಲ್. ಅಂಥದ್ದೇ ಹೊಸ ಬಿಬಿ ತಂದು ಹಾಕಿದ್ದರೆ ಏಳೆಂಟು ನೂರು ರೂಪಾಯಿಯಲ್ಲಿ ಕಥೆ ಮುಗಿಯುತ್ತಿತ್ತು. ನಾನು ಮೆಕ್ಯಾನಿಕಲ್ ಓದುವ ಹುಡುಗ, ಅಷ್ಟಕ್ಕೆ ಬಿಡುತ್ತೇನೆಯೇ? ಬಿಚ್ಚುವುದು ಹೇಗೂ ಬಿಚ್ಚುತ್ತೇವೆ, ಅಪ್‌ಗ್ರೇಡ್ ಮಾಡಿಬಿಡೋಣ ಎಂದುಕೊಂಡೆ. ಹೈದರಾಬಾದಿನ ಒಬ್ಬರ ಹತ್ತಿರ ಬಳಸಿದ ಶಿಮಾನೊ ಕ್ಲಾರಿಸ್ ಕ್ರ್ಯಾಂಕ್ ಸಿಕ್ಕಿತು. 2,800 ರೂಪಾಯಿ. ಪರೀಕ್ಷಾ ಶುಲ್ಕಕ್ಕೆಂದು ಅಪ್ಪ ಕೊಟ್ಟ ದುಡ್ಡದು. ಟ್ಯೂಷನ್ ಹಣ ಬಂದಮೇಲೆ ತುಂಬಿಸಿದರಾಯಿತು ಎಂಬ ಲೆಕ್ಕ.

ಈ ಕ್ರ್ಯಾಂಕಿನಲ್ಲಿ ಆಕ್ಸಲ್ ಬಲಗಡೆಯ ಕ್ರ್ಯಾಂಕಿಗೇ ಅಂಟಿಕೊಂಡು ಬರುತ್ತದೆ. ಒಳಗೆ ಪೊಳ್ಳು, ದಪ್ಪ 24 ಮಿ.ಮೀ. ಹಳೆಯ ಚೌಕ ಆಕ್ಸಲ್‌ನ ಬಿಬಿ ಇದಕ್ಕೆ ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹೊಸ ಬಿಬಿಗಾಗಿ ಆನ್‌ಲೈನ್‌ನಲ್ಲಿ ಹುಡುಕಿದೆ. ‘68 ಮಿ.ಮೀ. ಶೆಲ್, 24 ಮಿ.ಮೀ. ಆಕ್ಸಲ್’ ಎಂದು ಬರೆದದ್ದು ಕಂಡಿತು. ನನ್ನ ಶೆಲ್ಲಿನ ಅಗಲ ಅಳೆದಿದ್ದೆ, ಸರಿಯಾಗಿ 68. ಆಕ್ಸಲ್ 24. ಎರಡೂ ಹೊಂದಿತು. 900 ರೂಪಾಯಿ ಕೊಟ್ಟು ತರಿಸಿದೆ.

ಚೌಕ ಆಕ್ಸಲ್‌ನಿಂದ ಕ್ರ್ಯಾಂಕ್ ಕೀಳಲು ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದರೆ ಬೇರಿಂಗ್ ಹಾಳು. ಹುಮನಾಬಾದಿನಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ ಪುಲ್ಲರ್ ಇರಲಿಲ್ಲ. ನಮ್ಮ ಬಸವಕಲ್ಯಾಣದಲ್ಲಿ ಆಟೋನಗರ ಇದೆಯಲ್ಲ! ಲಾರಿಗೆ ಬಾಡಿ ಕಟ್ಟುವವರು, ವೆಲ್ಡಿಂಗ್‌ನವರು, ಲೇತ್‌ನವರು ಸಾಲಾಗಿ ಕೂತ ಜಾಗ. 22 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್ ಎಂದು ಚೀಟಿ ಬರೆದುಕೊಟ್ಟೆ. ಲೇತ್ ಅಣ್ಣ ಚೀಟಿ ನೋಡಿ, ‘ಇದೇನ್ ತಮ್ಮಾ, ಆಟಿಗಿ ಸಾಮಾನಾ?’ ಎಂದು ನಕ್ಕರೂ ಒಂದು ತಾಸಿನಲ್ಲಿ ಪುಲ್ಲರ್ ತಿರುಗಿಸಿಕೊಟ್ಟರು. ನಾವು ಲ್ಯಾಬಿನಲ್ಲಿ ಒಂದು ಥ್ರೆಡ್ ಕತ್ತರಿಸಲು ಇಡೀ ಮಧ್ಯಾಹ್ನ ತೆಗೆದುಕೊಳ್ಳುತ್ತೇವೆ.

ಕ್ರ್ಯಾಂಕ್ ಬಂತು. ಬಿಬಿ ಬರಲಿಲ್ಲ. ಅದರ ಹಲ್ಲಿಗೆ ಕೂರುವ ಟೂಲನ್ನು ಗೆಳೆಯನೊಬ್ಬ ಕೊಟ್ಟಿದ್ದ. ಮನೆಯ ಹತ್ತಿರದ ಸೈಕಲ್ ಅಂಗಡಿಯ ಮುಂದೆ ಕೂತು, ದೊಡ್ಡ ಪಾನಾ ಹಾಕಿ, ಅದಕ್ಕೆ ಪೈಪ್ ಸೇರಿಸಿ ಬಲಗಡೆಯ ಕಪ್ ಬಿಚ್ಚಲು ಎಡಕ್ಕೆ ಜಗ್ಗಿದೆ. ಅಲ್ಲಾಡಲಿಲ್ಲ. ತಮ್ಮನನ್ನೂ ಪೈಪ್ ಮೇಲೆ ನಿಲ್ಲಿಸಲು ಹೊರಟಾಗ ಅಂಗಡಿಯ ಚಾಚಾ ಪಂಕ್ಚರ್ ಬಿಟ್ಟು ಎದ್ದು ಬಂದರು. ‘ಬೇಟಾ, ಬಿಚ್ಚಲಾಕತ್ತಿಯೋ, ಬಿಗಿ ಮಾಡ್ಲಾಕತ್ತಿಯೋ? ಈ ಕಡಿದು ಉಲ್ಟಾ ಚೂಡಿ ಅದ.’

ಚೂಡಿ ಎಂದರೆ ಥ್ರೆಡ್. ಬಲಗಡೆಯ ಕಪ್‌ಗೆ ಎಡಥ್ರೆಡ್ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಯಾಕೆ ಎಂದು ಅವರಿಗೆ ಕೇಳಿದರೆ, ‘ಹಂಗೇ ಇರ್ತದ’ ಎಂದರು. ರಾತ್ರಿ ಓದಿದಾಗ ಗೊತ್ತಾಯಿತು. ಬಳೆಯೊಳಗೆ ಪೆನ್ಸಿಲ್ ಇಟ್ಟು, ಬಳೆಯ ಒಳಮೈಗೆ ಒತ್ತಿ ಗಡಿಯಾರದ ದಿಕ್ಕಿನಲ್ಲಿ ಉರುಳಿಸಿ ನೋಡಿ. ಪೆನ್ಸಿಲ್ ತನ್ನಷ್ಟಕ್ಕೆ ತಾನು ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಪೆಡಲ್ ತುಳಿದ ಭಾರ ಸುತ್ತುತ್ತಿದ್ದಂತೆ ಶೆಲ್ಲಿನೊಳಗೆ ಕೂದಲೆಳೆಯಷ್ಟು ಸಡಿಲವಿರುವ ಕಪ್ ಕೂಡ ಹೀಗೆಯೇ ಹಿಂದಕ್ಕೆ ಸರಿಯುತ್ತದೆ. ಸಾಮಾನ್ಯ ಥ್ರೆಡ್ ಇದ್ದರೆ ದಿನಕ್ಕಿಷ್ಟು ಬಿಚ್ಚಿಕೊಳ್ಳುತ್ತಿತ್ತು. ಇಟಲಿಯ ಫ್ರೇಮುಗಳಲ್ಲಿ ಮಾತ್ರ ಎರಡೂ ಕಡೆ ಸಾಮಾನ್ಯ ಥ್ರೆಡ್, ಶೆಲ್ 70 ಮಿ.ಮೀ. ಅವುಗಳ ಬಲ ಕಪ್ ಸಡಿಲವಾಗುವ ದೂರು ಹಳೆಯದು.

ಚಾಚಾ ಅದೇ ಪಾನಾವನ್ನು ಬಲಕ್ಕೆ ತಿರುಗಿಸಿ ಬಿಚ್ಚಿಕೊಟ್ಟರು. ತಮ್ಮ ನಿಂತಿದ್ದರೆ ಅಲ್ಯೂಮಿನಿಯಂ ಶೆಲ್ಲಿನ ಥ್ರೆಡ್ಡೇ ಹರಿದು ಫ್ರೇಮ್ ಗುಜರಿಗೆ ಹೋಗುತ್ತಿತ್ತೇನೋ.

ಶೆಲ್ ಒರೆಸಿ ಹೊಸ ಬೇರಿಂಗ್ ಹಿಡಿದೆ. ಶೆಲ್ಲಿನ ತೂತು ಸಣ್ಣದು, ಬೇರಿಂಗ್ ದೊಡ್ಡದು. ನನ್ನ ಶೆಲ್ ಥ್ರೆಡ್ ಇರುವ ಬಿಎಸ್ಎ ಮಾದರಿ: 1.37 ಇಂಚು, ಅಂದರೆ 34.8 ಮಿ.ಮೀ. ಸುಮಾರು. ನಾನು ತರಿಸಿದ್ದು ಬಿಬಿ30 ಫ್ರೇಮಿಗೆ ಮಾಡಿದ್ದು. ಅದರಲ್ಲಿ ಥ್ರೆಡ್ಡೇ ಇಲ್ಲ, 42 ಮಿ.ಮೀ. ತೂತಿಗೆ ಬೇರಿಂಗ್ ಒತ್ತಿ ಕೂರಿಸುವುದು. ಅದರ ಶೆಲ್ ಅಗಲವೂ 68! ಅಗಲ ನೋಡಿದೆ, ಆಕ್ಸಲ್ ನೋಡಿದೆ, ತೂತಿನ ವ್ಯಾಸ ನೋಡಲೇ ಇಲ್ಲ. ಪೊಟ್ಟಣ ಹರಿದದ್ದಕ್ಕೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ಸೋಮವಾರ ಬಸ್ ಹತ್ತಿ ಮತ್ತೆ ಆಟೋನಗರಕ್ಕೆ ಹೋದೆ. ಶೆಲ್ಲನ್ನು 42ಕ್ಕೆ ಕೊರೆಯಲು ಆಗುತ್ತದೆಯೇ ಎಂದು ಕೇಳಿದೆ. ‘ಹೊರಗಿನ ಅಳತಿ ಎಷ್ಟದ?’ ಎಂದರು ಲೇತ್ ಅಣ್ಣ. ‘ನಲ್ವತ್ತು’ ಎಂದೆ. ಅವರು ನನ್ನ ಮುಖ ನೋಡಿದರು. ನಾನೂ ಚೀಟಿ ನೋಡಿಕೊಂಡೆ. ‘ಬಿ.ಇ. ಓದ್ತಿ ಅಲ್ಲಾ?’ ಎಂದಷ್ಟೇ ಕೇಳಿ ಚಹಾ ತರಿಸಿದರು.

ಅಕ್ಕನ ಹತ್ತಿರ ಸಾಲ ಮಾಡಿ ಸರಿಯಾದ ಬಿಬಿ ತರಿಸಿದೆ: ಬಿಎಸ್ಎ ಥ್ರೆಡ್, 68, 24 ಮಿ.ಮೀ. ಆಕ್ಸಲ್‌ಗೆ. ಪರೀಕ್ಷಾ ಶುಲ್ಕಕ್ಕೂ ಅವಳೇ ಕೊಟ್ಟಳು, ಬೈಗುಳ ಸಮೇತ. ಕ್ರ್ಯಾಂಕ್ ಬದಲಾಯಿಸಲು ಹೊರಟವರು ಕ್ರ್ಯಾಂಕಿನಿಂದ ಶುರು ಮಾಡಬಾರದು. ಫ್ರೇಮಿನಿಂದ ಶುರು ಮಾಡಬೇಕು. ಶೆಲ್ಲಿನಲ್ಲಿ ಥ್ರೆಡ್ ಇದೆಯೋ ಇಲ್ಲವೋ, ತೂತಿನ ವ್ಯಾಸ ಎಷ್ಟು, ಅಗಲ ಎಷ್ಟು. ಈ ಮೂರು ಸಿಕ್ಕ ಮೇಲೆ ಆಕ್ಸಲ್. ಶಿಮಾನೊದ್ದು 24, ಬಿಬಿ30 ಕ್ರ್ಯಾಂಕಿನದು 30, ಸ್ರ್ಯಾಮ್‌ನ ಡಬ್ 28.99. ಹಿಂದೆ ಎಷ್ಟು ಗೇರ್ ಇದೆ ಎಂಬುದನ್ನೂ ನೋಡಬೇಕು. ನನ್ನದು 8 ಸ್ಪೀಡ್, ಕ್ಲಾರಿಸ್ ಕೂಡ 8, ಅಷ್ಟರಮಟ್ಟಿಗೆ ಅದೃಷ್ಟ. ಚೌಕ ಆಕ್ಸಲ್ಲನ್ನೇ ಉಳಿಸಿಕೊಳ್ಳುವವರಿಗೆ ಇನ್ನೊಂದು ತೊಡಕಿದೆ: ಆಕ್ಸಲ್‌ನ ಉದ್ದ. ನನ್ನ ಹಳೆಯದರ ಮೇಲೆ 68-110 ಎಂದು ಅಚ್ಚಾಗಿತ್ತು. ಎರಡನೆಯ ಸಂಖ್ಯೆ ತಪ್ಪಿದರೆ ಮುಂದಿನ ಹಲ್ಲುಚಕ್ರ ಹೊರಗೆ ಅಥವಾ ಒಳಗೆ ಸರಿದು ಚೈನ್ ಸೊಟ್ಟಗೆ ಓಡುತ್ತದೆ. ಎರಡು ಚಕ್ರಗಳ ನಡುವಿನ ಮಧ್ಯರೇಖೆ ಫ್ರೇಮಿನ ಮಧ್ಯದಿಂದ 43.5 ಮಿ.ಮೀ. ದೂರವಿರುವುದು ರೋಡ್ ಬೈಕಿನ ವಾಡಿಕೆ.

ಜೋಡಿಸುವಾಗ ಚಾಚಾ ಪಕ್ಕದಲ್ಲೇ ಕೂತಿದ್ದರು. ಕಪ್‌ಗಳಿಗೆ 35ರಿಂದ 50 ನ್ಯೂಟನ್ ಮೀಟರ್ ಬಿಗಿ, ಎಡ ಕ್ರ್ಯಾಂಕಿನ ಬೋಲ್ಟುಗಳಿಗೆ 12ರಿಂದ 14 ಎಂದು ಓದಿ ಹೇಳಿದೆ. ನಮ್ಮಿಬ್ಬರ ಹತ್ತಿರವೂ ಟಾರ್ಕ್ ವ್ರೆಂಚ್ ಇರಲಿಲ್ಲ. ಪಾನಾದ ಹಿಡಿಯ ಉದ್ದ ಅಳೆದು, ಎಷ್ಟು ಕಿಲೋ ಭಾರ ಹಾಕಬೇಕೆಂದು ಲೆಕ್ಕ ಮಾಡಿ, ಮೀನಿನಂಗಡಿಯ ತೂಗುಕೊಕ್ಕೆ ತಂದು ಜಗ್ಗಿದೆವು. ಈ ಐಡಿಯಾ ಮಾತ್ರ ನನ್ನದೇ. ಚಾಚಾ ಒಪ್ಪಿದರು.

ಮುತ್ಯಾನ ಅಟ್ಲಾಸ್ ಸೈಕಲ್ ಅದೇ ಅಂಗಡಿಯಲ್ಲಿ ರಿಪೇರಿಗೆ ನಿಂತಿತ್ತು. ಅದರ ಕ್ರ್ಯಾಂಕಿಗೆ ಕಾಟರ್ ಪಿನ್. ನಾವು ಮೆಷಿನ್ ಡ್ರಾಯಿಂಗ್‌ನಲ್ಲಿ ತಾಸುಗಟ್ಟಲೆ ಗೀಚಿದ ಕಾಟರ್ ಜಾಯಿಂಟಿನ ಬಡ ತಮ್ಮ. ಒಳಗೆ ಕಾಲಿಂಚಿನ ಛರ್ರಾ, ಒಂದೊಂದು ಕಡೆ ಹನ್ನೊಂದು. ಚಾಚಾ ಡಬ್ಬಿಯಿಂದ ಎಣಿಸದೇ ಮುಷ್ಟಿ ತುಂಬ ತೆಗೆದು ಗ್ರೀಸಿಗೆ ಅಂಟಿಸಿದರು. ಅಳತೆ ಕೇಳಲಿಲ್ಲ, ಆರ್ಡರ್ ಮಾಡಲಿಲ್ಲ. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಹೊಸ ಕ್ರ್ಯಾಂಕಿನಿಂದ ವೇಗ ಹೆಚ್ಚಾಯಿತೇ ಎಂದು ಕ್ಲಾಸಿನವರು ಕೇಳುತ್ತಾರೆ. ರಾಜೇಶ್ವರಕ್ಕೆ ಮೊದಲು ಎಷ್ಟು ಹೊತ್ತಿಗೆ ಮುಟ್ಟುತ್ತಿದ್ದೆನೋ ಈಗಲೂ ಅಷ್ಟಕ್ಕೇ ಮುಟ್ಟುತ್ತೇನೆ. ಎದುರು ಗಾಳಿ ಇದ್ದರೆ ಇನ್ನೂ ತಡ. ಟಕ್ ಟಕ್ ಹೋಗಿದೆ. ಏಳೆಂಟು ನೂರರ ಬಿಬಿ ಹಾಕಿದ್ದರೂ ಹೋಗುತ್ತಿತ್ತು. ಆದರೆ ಏರಿನಲ್ಲಿ ಎದ್ದು ನಿಂತು ತುಳಿದಾಗ ಬುಡ ಬಾಗದೆ ನಿಲ್ಲುವುದು ಕಾಲಿಗೆ ಗೊತ್ತಾಗುತ್ತದೆ.

42ರ ಆ ಎರಡು ಬೇರಿಂಗ್ ಚಾಚಾನ ಡಬ್ಬಿಯಲ್ಲಿವೆ. ಯಾವುದಕ್ಕೂ ಹೊಂದದ ಸಾಮಾನಿನ ಡಬ್ಬಿ ಅದು. ಅಕ್ಕನಿಗೆ ಇನ್ನೂ ಆರು ನೂರು ಕೊಡುವುದಿದೆ.